ತಮ್ಮಂದಿರ ಸುದ್ದಿ

ನಗರ, ಹೊಸನಗರ ತಾಲ್ಲೂಕು
12-8-1966

ಸಾಗರದ ಡಾಕ್ಟರಿಗೆ,

ಹೋದ ವರ್ಷ ಕುತ್ತಿಗೆಯ ಗಂಟಿನಿಂದ ಸತ್ತ ಹಾಲೇಶನ ಅಜ್ಜಿ ನಾನು. ಅವನ ಕಿವಿ ಸೋರುತ್ತದೆಂದು ಮೊದಲ ಸಲ ತಂದಾಗ, ತಾಯಿಯ ಕಡೆ ಗಂಡುಮಕ್ಕಳು ಸಣ್ಣದರಲ್ಲೇ ಸತ್ತದ್ದುಂಟೇ ಎಂದು ನೀವು ಕೇಳಿದಿರಿ. "ನಮ್ಮನೆ ಸುದ್ದಿ ನಿಂಗ್ಯಾಕೋ? ಮದ್ದು ಕೊಡು," ಎಂದು ಬೈದೆ. ಅಳಿಯನ ತಾಯಿ ಪಕ್ಕದಲ್ಲೇ ಕೂತಿದ್ದಳು.

ಸತ್ತದ್ದುಂಟು. ನನ್ನ ಮೂವರು ತಮ್ಮಂದಿರು. ಎಲ್ಲರಿಗೂ ಮೈಯೆಲ್ಲ ಕಜ್ಜಿ, ಸೋರುವ ಕಿವಿ. ಕೊನೆಯವನಾದರೂ ಉಳಿಯಲೆಂದು ಮೂಗು ಚುಚ್ಚಿಸಿದರು. ರಕ್ತ ನಿಲ್ಲದೆ ಹೋದ. ಮಗಳ ಮದುವೆ ಮುರಿದೀತೆಂದು ಇದನ್ನೆಲ್ಲ ಮುಚ್ಚಿಟ್ಟೆ.

ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿಯಿಲ್ಲದ ಮಕ್ಕಳಿಗೆ ಇಂಥ ಗಂಟಿನ ಕ್ಯಾನ್ಸರ್ ಬರುವುದು ಹೆಚ್ಚು ಎಂದು ಆಮೇಲೆ ನೀವು ಹೇಳಿದಿರಿ. ನಾನು ಮೊದಲೇ ಬಾಯಿ ಬಿಟ್ಟಿದ್ದರೆ ಗಂಟು ಸಣ್ಣದಿದ್ದಾಗಲೇ ಹುಡುಕುತ್ತಿದ್ದಿರೇನೋ.

ಈಗ ಮಗಳ ಎರಡನೆಯ ಮಗ ಜಟ್ಟಿಂಗನಿಗೆ ಒಂದು ವರ್ಷ. ಇವನಾದರೂ ಉಳಿಯಲೆಂದು ಸೋಮವಾರ ನಾನೇ ಮೂಗು ಚುಚ್ಚಿಸಿದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ರಕ್ತ ನಿಂತದ್ದು ಬುಧವಾರ. ಆವತ್ತೇ ಎಲ್ಲರೆದುರು ತಮ್ಮಂದಿರ ಸುದ್ದಿ ಹೇಳಿಬಿಟ್ಟೆ. ಸಿಡಿದವಳು ಅಳಿಯನ ತಾಯಿಯಲ್ಲ, ನನ್ನ ಮಗಳು: "ಇನ್ನು ನನ್ನ ಮಗೂನ ಮುಟ್ಟಬ್ಯಾಡ. ಆಸ್ಪತ್ರೆಗೂ ಬರಬ್ಯಾಡ."

ಮಂಗಳವಾರ ಅವಳು ಮಗುವನ್ನು ತರುತ್ತಾಳೆ. ಕುತ್ತಿಗೆ, ಕಂಕುಳು ಮುಟ್ಟಿ ನೋಡಿ. ತಿಂಗಳಿಗೊಮ್ಮೆ ಬಾ ಎಂದು ಗದರಿಸಿ ಹೇಳಿ.

ನನ್ನಿಂದ ಇನ್ನೇನಾದರೂ ತಿಳಿಯಬೇಕಿದ್ದರೆ ಒಂದು ಕಾರ್ಡು ಹಾಕಿ. ಬೈಯುವುದಿಲ್ಲ.

ಗುತ್ಯಮ್ಮ