ಆಲಿಕೆಗೆ ಹೇಳಿದ ಮಾತು

ಕಪ್ಪತಗುಡ್ಡ, ಗದಗ ಸೀಮೆ
ಏರುಗಾಳಿಯ ಇಪ್ಪತ್ತೊಂದನೆಯ ದಿನ, ೨೧೬೩

ವಿದ್ಯಾಶ್ರೀ ಅಂಗಡಿಯವರಿಗೆ,

ಮೇಲಿನ ತಾರೀಖು ನಿಮಗೆ ವಿಚಿತ್ರವಾಗಿ ಕಂಡೀತು. ಗಾಳಿಯ ಕೆಲಸ ಮಾಡುವ ನಮ್ಮ ಊರುಗಳಲ್ಲಿ ವರ್ಷವನ್ನು ಏರುಗಾಳಿ, ಇಳಿಗಾಳಿ, ನಿಂತಗಾಳಿ ಎಂದು ಮೂರು ಪಾಲು ಮಾಡಿಕೊಂಡಿದ್ದೇವೆ. ಏರುಗಾಳಿ ಎಂದರೆ ನಿಮ್ಮ ಮೇ ತಿಂಗಳ ಕೊನೆಗೆ ಶುರುವಾಗುವ ಕಾಲವೆಂದು ತಿಳಿಯಿರಿ. ಇಂಥ ಅಪರಿಚಿತ ಮಾತುಗಳು ಮುಂದೆಯೂ ಕೆಲವು ಬರುತ್ತವೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ, ಮನ್ನಿಸಿ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ನನಗೆ ತೋಚಲಿಲ್ಲ. ಪ್ರಬಂಧ ಬರೆದಾಗ ನಿಮಗೆ ಹತ್ತೊಂಬತ್ತು ವರ್ಷ, ನನಗೀಗ ಐವತ್ತೊಂದು. ಕಾಲ ಹಿಡಿದು ನೋಡಿದರೆ ನೀವು ನನ್ನ ಮುತ್ತಜ್ಜಿಗಿಂತ ಹಿರಿಯರು. ಆದ್ದರಿಂದ ತಂಗಿ ಎನ್ನದೆ, ಅಜ್ಜಿ ಎನ್ನದೆ, ನೀವು ಎಂದಷ್ಟೇ ಬರೆಯುತ್ತೇನೆ.

ಗದಗಿನ ಗ್ರಂಥಾಲಯದಲ್ಲಿ ರದ್ದಿಗೆಂದು ತೆಗೆದಿಟ್ಟ ರಾಶಿಯಲ್ಲಿ ನಿಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯೊಂದು ನನ್ನ ಕೈಗೆ ಬಂತು. ಅದರಲ್ಲಿ ಮೊದಲ ಬಹುಮಾನ ಪಡೆದ ನಿಮ್ಮ ಪ್ರಬಂಧವಿತ್ತು: ‘ಕಾರ್ಮಿಕ ಸಂಘಗಳು ಇಂದಿಗೂ ಉಪಯುಕ್ತವೇ?’ ಅಲ್ಲ ಎಂದು ನೀವು ವಾದಿಸಿದ್ದಿರಿ. ಒಂದು ಕಾಲಕ್ಕೆ ಅವು ಬೇಕಾಗಿದ್ದವು, ಈಗ ಕಾನೂನಿದೆ, ಸಹಾಯವಾಣಿಯಿದೆ, ಒಬ್ಬೊಬ್ಬ ನೌಕರನ ದೂರನ್ನೂ ಕೇಳುವ ಏರ್ಪಾಡಿದೆ ಎಂದು ಬರೆದಿದ್ದಿರಿ. ಮಾಲೀಕರ ಕಾರಿನಲ್ಲಿ ಓಡಾಡಿದ ಮುಖಂಡರು, ಚುನಾವಣೆಯನ್ನೇ ನಡೆಸದ ಪದಾಧಿಕಾರಿಗಳು, ವಿನಾಕಾರಣ ಬಂದ್ ಆದ ಬಸ್ಸುಗಳು ಎಲ್ಲವನ್ನೂ ಎತ್ತಿ ತೋರಿಸಿದ್ದಿರಿ. ಅವು ಸುಳ್ಳೆಂದು ಹೇಳಲು ನಾನು ಬರೆಯುತ್ತಿಲ್ಲ. ಎರಡು ವರ್ಷಗಳ ಹಿಂದೆ ಓದಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಆಮೇಲೆ ನಡೆದದ್ದನ್ನು ಹೇಳುತ್ತೇನೆ. ಅದರಲ್ಲಿ ನನ್ನ ಪಾಲು ತಲೆ ಎತ್ತಿ ಹೇಳುವಂಥದ್ದಲ್ಲ.

ನನ್ನ ಹೆಸರು ಮಾನಪ್ಪ ಕಮ್ಮಾರ. ಇಪ್ಪತ್ತಾರು ವರ್ಷಗಳಿಂದ ಕಪ್ಪತಗುಡ್ಡದ ಮೇಲೆ ಏರುಗಾರನಾಗಿದ್ದೇನೆ. ಗುಡ್ಡದ ಉದ್ದಕ್ಕೂ ನಿಂತಿರುವ ಗಾಳಿಕಂಬಗಳನ್ನು ಏರಿ, ಹಗ್ಗಕ್ಕೆ ಜೋತುಬಿದ್ದು, ರೆಕ್ಕೆಗಳಿಗೆ ಮೆತ್ತಿದ ಕೆಮ್ಮಣ್ಣು ಮತ್ತು ಹುಳುಗಳನ್ನು ತೊಳೆಯುವವರು ಏರುಗಾರರು. ಈ ಕೆಲಸಕ್ಕೆ ಯಂತ್ರಗಳಿರಲಿಲ್ಲವೇ ಎಂದು ಕೇಳುವಿರಿ. ಇದ್ದವು. ನಮ್ಮ ಧೂಳಿಗೆ ಅವು ಆರು ತಿಂಗಳೂ ಬಾಳುತ್ತಿರಲಿಲ್ಲ, ನಾವು ಬಾಳುತ್ತಿದ್ದೆವು. ನಾವು ನಲವತ್ತೆರಡು ಮಂದಿ. ಗುಡ್ಡದ ಬುಡದಲ್ಲಿ ಕಂಪನಿಯೇ ಕಟ್ಟಿಸಿಕೊಟ್ಟ ತಂಪುಗೋಡೆಯ ಮನೆಗಳು, ಅಂದರೆ ಹಗಲ ಬಿಸಿಲನ್ನು ಒಳಗೆ ಬಿಡದ ಟೊಳ್ಳುಗೋಡೆಯವು. ಕಂಬಗಳ ಸಾಲಿನ ನಡುವೆ ನವಣೆ, ಜೋಳ ಬೆಳೆಯುತ್ತವೆ. ಬೆಳಿಗ್ಗೆ ಐದೂವರೆಗೆ ರೊಟ್ಟಿ ಬಡಿಯುವ ಸದ್ದು ನಿಮ್ಮ ಕಾಲದ ಹಾಗೆಯೇ ಕೇಳುತ್ತದೆ. ಬುತ್ತಿಯಲ್ಲಿ ಪುಂಡಿಪಲ್ಯ, ಶೇಂಗಾ ಹಿಂಡಿ ಇರುತ್ತವೆ. ನಿಮಗೆ ಗೊತ್ತಿಲ್ಲದ್ದು ಒಂದೇ, ನಮ್ಮ ಕಿವಿಯ ಹಿಂದೆ ಅಂಟಿಕೊಂಡಿರುವ ಗುಂಡಿಯಷ್ಟು ಗಾತ್ರದ ಆಲಿಕೆ.

ಆಲಿಸುವುದೇ ಅದರ ಕೆಲಸ, ಹಾಗಾಗಿ ಆ ಹೆಸರು. ದೂರು, ದುಃಖ, ಮೈನೋವು ಏನಿದ್ದರೂ ಅದಕ್ಕೆ ಹೇಳಬಹುದಿತ್ತು. ಸಂಜೆಯೊಳಗೆ ಉತ್ತರ ಬರುತ್ತಿತ್ತು. ನನ್ನ ತಾಯಿ ತೀರಿಕೊಂಡಾಗ ನಾನು ಕೇಳುವ ಮೊದಲೇ ಹನ್ನೊಂದು ದಿನ ರಜೆ ಕೊಡಿಸಿತು, ಅವ್ವನ ಬಗ್ಗೆ ಮಾತಾಡಿಸಿ ನನ್ನನ್ನು ಅಳಿಸಿತು. ಮೊಣಕಾಲು ಹಿಡಿದಾಗ ಗಿಡ್ಡ ಕಂಬಗಳ ಸಾಲಿಗೆ ಹಾಕಿಸಿತು. ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕರಾರು. ಅದನ್ನು ಇನ್ನೊಬ್ಬರಿಗೆ ಹೇಳಕೂಡದೆಂಬ ನಿಯಮವೂ ಇತ್ತು. ಅದರಿಂದ ಬೇಸರವಿರಲಿಲ್ಲ. ಕಂಪನಿಗೆ ನನ್ನೊಬ್ಬನ ಮೇಲೆ ವಿಶೇಷ ಅಕ್ಕರೆ ಎಂದು ನಲವತ್ತೆರಡು ಮಂದಿಯೂ ಒಳಗೊಳಗೇ ನಂಬಿದ್ದೆವು.

ಹೋದ ವರ್ಷ ಏರುಗಾಳಿ ಶುರುವಾದಾಗ ಕಂಪನಿ ಒಂದು ನಿಯಮ ಬದಲಿಸಿತು. ಅದುವರೆಗೆ ಗಾಳಿಯ ವೇಗ ಸೆಕೆಂಡಿಗೆ ಹನ್ನೆರಡು ಮೀಟರ್ ದಾಟಿದರೆ ಯಾರೂ ಹಗ್ಗಕ್ಕೆ ಇಳಿಯುವಂತಿರಲಿಲ್ಲ. ಅದನ್ನು ಹದಿನೈದಕ್ಕೆ ಏರಿಸಿದರು. ರೆಕ್ಕೆ ತಿರುಗದಂತೆ ಹಿಡಿಯುವ ತಡೆಗೂಟ ಹದಿನಾಲ್ಕರ ಗಾಳಿಗೇ ಒಂದು ಗೇಣು ಜಾರುತ್ತದೆಂದು ನಮಗೆಲ್ಲ ಗೊತ್ತಿತ್ತು. ಎಲ್ಲರೂ ಆಲಿಕೆಗೆ ಹೇಳಿಕೊಂಡೆವು. ನನಗೆ ಇನ್ನೂ ಗಿಡ್ಡ ಕಂಬ ಸಿಕ್ಕಿತು. ಖಾಜಾಸಾಬ ನದಾಫರಿಗೆ ಹೊಸ ಗ್ಲೌಸ್ ಬಂತು. ಆತನಿಗೆ ಅರವತ್ತೊಂದು ವರ್ಷ, ನಮ್ಮಲ್ಲೆಲ್ಲ ಹಿರಿಯ, ಎಡಗಣ್ಣು ಮಸುಕು. ದುರುಗವ್ವ ಮುಳಗುಂದರಿಗೆ ಆಲಿಕೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟಿತು. ‘ನಿಮ್ಮ ಭಯ ಸಹಜ’ ಎಂದಿತಂತೆ.

ದುರುಗವ್ವ ನನಗಿಂತ ಆರು ವರ್ಷ ದೊಡ್ಡವಳು. ನಾವು ದುರುಗಕ್ಕ ಎನ್ನುತ್ತಿದ್ದೆವು. ಒಂದು ಭಾನುವಾರ ಮಧ್ಯಾಹ್ನ ಗಿರಣಿಯ ಹಿಂದೆ ಬರಲು ಆಕೆ ಒಬ್ಬೊಬ್ಬರಿಗೂ ಹೇಳಿದಳು. ಹತ್ತೊಂಬತ್ತು ಮಂದಿ ಹೋದೆವು. ಬಂದವರ ಆಲಿಕೆಗಳನ್ನೆಲ್ಲ ಬಿಚ್ಚಿಸಿ ಜೋಳದ ಡಬ್ಬಿಯೊಳಗೆ ಹಾಕಿಸಿ ಮುಚ್ಚಳ ಬಿಗಿದಳು. ಆಮೇಲೆ ನಿಂತುಕೊಂಡೇ ಮಾತಾಡಿದಳು.

“ನಾವು ಬ್ಯಾರೆ ಬ್ಯಾರೆ ಹೇಳಿದ್ವಿ, ಅದು ಬ್ಯಾರೆ ಬ್ಯಾರೆ ಕೊಡ್ತು. ನನಗ ಉಸಿರು ಬಿಡೂದು ಕಲಿಸ್ತು. ಗೂಟ ಹಂಗ ಐತಿ. ಮಂಗಳವಾರ ಮುಂಜಾನೆ ಎಲ್ಲಾರೂ ನಮ್ಮ ನಮ್ಮ ಕಂಬದ ಬುಡಕ ನಿಂದ್ರೂಣು. ಯಾರೂ ಏರೂದು ಬ್ಯಾಡ. ಹನ್ನೆರಡು ಮಾಡ್ರಿ ಅಂತ ಒಂದ ಮಾತು ಹೇಳೂಣು.”

ಖಾಜಾಸಾಬ ಕೇಳಿದ: “ಕೆಲಸದಿಂದ ತಗದ್ರ?”

“ಒಬ್ಬಾಕಿನ್ನ ತಗೀತಾರ. ಹತ್ತೊಂಬತ್ತು ಮಂದೀನ ತಗದ್ರ ಈ ಗಾಳ್ಯಾಗ ರೆಕ್ಕಿ ಯಾರು ತೊಳೀತಾರ?”

ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಒಪ್ಪಿದವನು ನಾನು. “ಅಕ್ಕ, ನಾ ಅದೀನಿ, ನೀ ಅಂಜಬ್ಯಾಡ” ಎಂದೆ.

ಸೋಮವಾರ ಸಂಜೆ ಕೈಕಾಲು ತೊಳೆದು ಕಟ್ಟೆಯ ಮೇಲೆ ಕುಳಿತಿದ್ದಾಗ ಆಲಿಕೆ ಮಾತಾಡಿಸಿತು. “ಮಾನಪ್ಪ, ಇಂದು ನಿಮ್ಮ ದನಿ ಭಾರವಾಗಿದೆ. ಏನಾದರೂ ಹೇಳಿಕೊಳ್ಳಬೇಕೆನಿಸುತ್ತಿದೆಯೇ?” ನನಗೆ ಯಾರೂ ಆಸೆ ತೋರಿಸಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಹೆದರಿಸಿದ್ದರೆ ಈ ಕಾಗದ ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಚಾಳಿ. ನಾಳೆ ಏನಾಗುವುದೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು, ಹೇಳಿಕೊಂಡರೆ ಹಗುರಾಗುತ್ತದೆಂದು ಗೊತ್ತಿತ್ತು, ಹೇಳಿಬಿಟ್ಟೆ. ಗಿರಣಿಯ ಹಿಂದೆ ಬಂದವರ ಹೆಸರುಗಳನ್ನೂ, ದುರುಗಕ್ಕನ ಹೆಸರನ್ನೂ ಹೇಳಿದೆ. “ನಂಬಿ ಹೇಳಿದ್ದಕ್ಕೆ ಧನ್ಯವಾದ. ನೀವು ಒಬ್ಬಂಟಿಯಲ್ಲ” ಎಂದಿತು. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು ಎಂಬುದನ್ನೂ ನಾನು ಮುಚ್ಚಿಡಬಾರದು.

ಮಂಗಳವಾರ ಬೆಳಿಗ್ಗೆ ಹದಿನೆಂಟು ಮಂದಿಗೂ ಒಂದೊಂದು ಒಳ್ಳೆಯ ಸುದ್ದಿ ಬಂತು. ಒಬ್ಬನಿಗೆ ಹುಬ್ಬಳ್ಳಿಯಲ್ಲಿ ತರಬೇತಿ, ಒಬ್ಬಳಿಗೆ ಮಗಳ ಮನೆಗೆ ಹೋಗಿಬರಲು ರಜೆ, ಖಾಜಾಸಾಬನಿಗೆ ನೆಲದ ಮೇಲಿನ ಕೆಲಸ, ನನಗೆ ಉಗ್ರಾಣಕ್ಕೆ ಬಣ್ಣ ಬಳಿಯುವುದು. ಯಾರೂ ಕಂಬದ ಬುಡಕ್ಕೆ ಹೋಗಬೇಕಾದ ಪ್ರಮೇಯವೇ ಬರಲಿಲ್ಲ. ತನ್ನೊಬ್ಬನಿಗೆ ಮಾತ್ರ ಹೀಗಾಗಿದೆ, ಉಳಿದವರು ನಿಂತಿರುತ್ತಾರೆ ಎಂದು ಒಬ್ಬೊಬ್ಬರೂ ಸಮಾಧಾನ ಮಾಡಿಕೊಂಡರು. ಮೂವತ್ತೊಂದನೆಯ ಕಂಬದ ಬುಡದಲ್ಲಿ ದುರುಗಕ್ಕ ಒಬ್ಬಳೇ ಎರಡು ಗಂಟೆ ನಿಂತಿದ್ದಳು. ಎಂಟೂವರೆಗೆ ಆಕೆಯ ಆಲಿಕೆ ಹೇಳಿತಂತೆ: “ನೀವು ಏರದಿದ್ದರೆ ತೊಂದರೆಯಿಲ್ಲ. ಈ ಕಂಬ ಖಾಜಾಸಾಬ ನದಾಫರ ಪಾಲಿಗೆ ಹೋಗುತ್ತದೆ.” ಆತನಿಗೆ ನೆಲದ ಕೆಲಸ ಕೊಟ್ಟದ್ದು ಆಕೆಗೆ ಗೊತ್ತಿರಲಿಲ್ಲ. ಕಣ್ಣು ಕಾಣದ ಮುದುಕನನ್ನು ಆ ಗಾಳಿಯಲ್ಲಿ ಮೇಲೆ ಕಳಿಸಲು ಆಕೆಗೆ ಮನಸ್ಸಾಗಲಿಲ್ಲ. ತಾನೇ ಏರಿದಳು.

ಗಾಳಿ ಹದಿನಾಲ್ಕೂವರೆ ಇತ್ತು. ಗೂಟ ಜಾರಿತು. ನಾನು ಉಗ್ರಾಣದ ಗೋಡೆಗೆ ಏಣಿ ಹಾಕಿಕೊಂಡು ಕುಂಚ ಹಿಡಿದಿದ್ದೆ. ಕೂಗು ಗಾಳಿಗೆ ಹರಿದು ಬಂತು. ರೆಕ್ಕೆಗೂ ಕಂಬಕ್ಕೂ ನಡುವೆ ಆಕೆಯ ಬಲಗೈ ಸಿಕ್ಕಿಕೊಂಡಿತ್ತು. ಖಾಜಾಸಾಬ ಕೆಳಗಿನಿಂದ ಹಗ್ಗ ಹಿಡಿದ, ನಾನು ಏರಿದೆ. ಇಳಿಸಿಕೊಂಡು ಬಂದಾಗ ನನ್ನ ಹೆಗಲೆಲ್ಲ ಆಕೆಯ ರಕ್ತ. ಮಂದಿ ನನಗೆ ಶಹಭಾಸ್ ಎಂದರು.

ಗದಗಿನ ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ಕೈ ತೆಗೆದರು. ಮೂರನೆಯ ದಿನ ನೋಡಲು ಹೋದಾಗ ಆಕೆ ಕೇಳಿದ್ದು ಒಂದೇ ಮಾತು.

“ಯಾರು ಹೇಳಿದ್ರು, ಮಾನಪ್ಪ?”

“ಗೊತ್ತಿಲ್ಲಕ್ಕ” ಎಂದೆ.

ಜನ ತಾವೇ ಉತ್ತರ ಕಂಡುಕೊಂಡರು. ಆಕೆ ಏರಿದ್ದು ಖಾಜಾಸಾಬನ ಬದಲಿಗೆ, ಆತನಿಗೆ ನೆಲದ ಕೆಲಸ ಸಿಕ್ಕಿತ್ತು, ಅಂದು ಗಿರಣಿಯ ಹಿಂದೆ ಅನುಮಾನದ ಪ್ರಶ್ನೆ ಎತ್ತಿದವನೂ ಆತನೇ. ಹೇಳಿದವನು ಅವನೇ ಎಂದು ತೀರ್ಮಾನವಾಯಿತು. ಬುತ್ತಿ ಬಿಚ್ಚುವಾಗ ಆತನ ಪಕ್ಕ ಯಾರೂ ಕೂರಲಿಲ್ಲ. ಆತನ ಮೊಮ್ಮಗಳ ನಿಶ್ಚಿತಾರ್ಥಕ್ಕೆ ನಮ್ಮ ಸಾಲಿನಿಂದ ಒಂದು ಮನೆಯವರೂ ಹೋಗಲಿಲ್ಲ. ನಾನೂ ಹೋಗಲಿಲ್ಲ, ವಿದ್ಯಾಶ್ರೀಯವರೇ. ಹೋದರೆ ನನ್ನ ಮೇಲೆ ಅನುಮಾನ ಬಂದೀತೆಂದು ಹೋಗಲಿಲ್ಲ.

ಇಷ್ಟರಲ್ಲಿ ಕೈಗೆ ಕಟ್ಟಿದ ಬಟ್ಟೆ ಬಿಚ್ಚುವ ಮೊದಲೇ ದುರುಗಕ್ಕ ಸಂಘ ಕಟ್ಟಿದಳು. ಅದಕ್ಕೆ ಬೇಕಾದ ಹಳೆಯ ಕಾನೂನು ಇನ್ನೂ ಪುಸ್ತಕದಲ್ಲಿತ್ತು. ಯಾರೂ ಬಳಸದ್ದರಿಂದ ಅಳಿಸುವ ಗೋಜಿಗೂ ಯಾರೂ ಹೋಗಿರಲಿಲ್ಲ. ಇಪ್ಪತ್ತಮೂರು ಮಂದಿ ಸೇರಿದರು. ಖಾಜಾಸಾಬನನ್ನು ಕರೆಯಬಾರದೆಂದು ಹಲವರು ಹೇಳಿದಾಗ ಆಕೆ, “ಖಾತ್ರಿ ಇಲ್ಲದ ಮಾತಿಗೆ ಒಬ್ಬರನ್ನ ಹೊರಗ ಇಡೂದಿಲ್ಲ” ಎಂದು ಆತನ ಹೆಸರನ್ನು ಬರೆದುಕೊಂಡಳಂತೆ. ನನ್ನನ್ನೂ ಕರೆದಳು. ಮೊಣಕಾಲು ನೋವೆಂದು ನೆಪ ಹೇಳಿದೆ. ಅವರು ಹದಿನಾರು ದಿನ ಕಂಬಗಳ ಬುಡದಲ್ಲಿ ನಿಂತರು. ಆಲಿಕೆಗಳು ಒಬ್ಬೊಬ್ಬರಿಗೂ ಸಿಹಿಯಾಗಿ ಮಾತಾಡಿದವು. ಬಂದ ಮಾತನ್ನೆಲ್ಲ ಅವರು ಸಂಜೆ ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಹದಿನೇಳನೆಯ ದಿನ ಹನ್ನೆರಡರ ನಿಯಮ ವಾಪಸು ಬಂತು. ಅದರ ಲಾಭ ನನಗೂ ಸಿಕ್ಕಿತು. ಮನೆಯೊಳಗೆ ಕುಳಿತು ಪಡೆದೆ.

ನನ್ನ ಹೆಂಡತಿ ಈರಮ್ಮ ಮಾತು ಕಡಿಮೆಯ ಹೆಂಗಸು. ಒಂದು ಮಧ್ಯಾಹ್ನ ರೊಟ್ಟಿ ಹಾಕುತ್ತಾ ತಲೆ ಎತ್ತದೆ ಕೇಳಿದಳು.

“ಅವತ್ತ ಕಟ್ಟಿಮ್ಯಾಲೆ ಕುಂತು ಅದರ ಕೂಡ ಏನ ಮಾತಾಡಿದಿ?”

ನಾನು ಬುಟ್ಟಿಯ ರೊಟ್ಟಿಗೆ ಕೈ ಹಾಕಿದೆ.

“ಆ ಮುದುಕನ್ನ ನೋಡಿದ್ರ ನನಗ ತುತ್ತು ಇಳಿಯೂದಿಲ್ಲ. ನಿನಗ ಹ್ಯಾಂಗ ಇಳೀತದ?”

ಮುಂದಿನ ಭಾನುವಾರ ಸಂಘದವರು ಸೇರಿದ್ದಲ್ಲಿಗೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ನಿಲ್ಲಲು ಆಸರೆಯಾಗುತ್ತಿತ್ತು. ದುರುಗಕ್ಕ ತನ್ನ ಮೊಂಡುಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಖಾಜಾಸಾಬ, “ನಾಕು ತಿಂಗಳಾತು, ಮಾನಪ್ಪ” ಎಂದ. ಅಷ್ಟೇ.

ಮಳೆ ಹೋಗಿ ನಿಂತಗಾಳಿ ಬಂತು. ಸಂಘಕ್ಕೆ ಸೇರಿಸಿಕೊಳ್ಳಿರೆಂದು ನಾಲ್ಕು ಸಾಲು ಬರೆದುಕೊಟ್ಟೆ. ಸೇರುವ ಯೋಗ್ಯತೆ ಇದೆ ಎಂದಲ್ಲ. ಹೊರಗೆ ನಿಂತು ಅವರು ಗೆದ್ದದ್ದನ್ನು ಉಣ್ಣುವುದು ಅದಕ್ಕಿಂತ ಅಸಹ್ಯವೆನಿಸಿತು. ನನ್ನ ಅರ್ಜಿಯ ಮೇಲೆ ಮತ ಹಾಕುವ ದಿನ ಅವರೆಲ್ಲ ಕೋಣೆಯೊಳಗಿದ್ದರು, ನಾನು ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದೆ. ಒಳಗೆ ಜಗಳ ಜೋರಾಗಿತ್ತು. ಕೊನೆಗೆ ದುರುಗಕ್ಕ ಹೊರಗೆ ಬಂದಳು.

“ಹತ್ತು ಮಂದಿ ಬ್ಯಾಡ ಅಂದ್ವಿ. ನಾನೂ ಬ್ಯಾಡ ಅಂತನ ಕೈ ಎತ್ತೀನಿ. ಹದಿಮೂರು ಮಂದಿ ಇರಲಿ ಅಂದ್ರು. ಎಲ್ಲಾರಿಗಿಂತ ಮೊದಲ ಖಾಜಾಸಾಬ ಎತ್ತಿದ.”

“ನಿನಗ ಬ್ಯಾಡಾದಲ್ಲಿ ನಾ ಹೆಂಗ ಬರ್ಲಿ, ಅಕ್ಕ?”

“ನನ್ನ ಸಿಟ್ಟು ನಂದು. ಅದು ಹೋಗೂದಿಲ್ಲ, ಹೋಗಲಿ ಅಂತ ನೀ ಕೇಳಲೂಬ್ಯಾಡ. ಆದ್ರ ಹೆಚ್ಚು ಮಂದಿ ಬಾ ಅಂದಾರ. ನನ್ನ ಸಿಟ್ಟಿಗೆ ನಡಿಯೂದಾದ್ರ ಇದು ಸಂಘ ಹ್ಯಾಂಗ ಆದೀತು? ನಡಿ ಒಳಗ.”

ಬಾಗಿಲ ಬಳಿ ಕುಳಿತೆ. ಯಾರೂ ತಿರುಗಿ ನೋಡಲಿಲ್ಲ. ಹೊಸ ಹಗ್ಗ ಯಾವುದಿರಬೇಕೆಂಬ ಚರ್ಚೆ ಅರ್ಧಕ್ಕೆ ನಿಂತಿತ್ತು, ಮುಂದುವರಿಯಿತು. ದುರುಗಕ್ಕ ಎಡಗೈಯಲ್ಲಿ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕರೆದು ಅಭಿಪ್ರಾಯ ಕೇಳುತ್ತಾ ಬಂದಳು. ಕೊನೆಯಲ್ಲಿ ಆಗತಾನೇ ಬರೆದಿದ್ದ ಹೆಸರನ್ನು, ಮಿಕ್ಕವರನ್ನು ಕರೆದ ದನಿಯಲ್ಲೇ ಕರೆದಳು. “ಮಾನಪ್ಪ ಕಮ್ಮಾರ, ನೀ ಏನಂತಿ?”

ನಾನು ಏನೋ ಹೇಳಿದೆ. ಅದನ್ನೂ ಬರೆದುಕೊಂಡಳು.

ನಿಮ್ಮ ಬಹುಮಾನವನ್ನು ಮರಳಿಸಿರೆಂದು ಕೇಳುತ್ತಿಲ್ಲ. ನಿಮ್ಮ ಊರಿನಲ್ಲಿ ಸಂಘವೊಂದು ಇನ್ನೂ ಉಳಿದಿದ್ದರೆ, ಅದು ಎಷ್ಟೇ ಕೆಟ್ಟಿದ್ದರೂ, ಒಂದು ಭಾನುವಾರ ಹೋಗಿ ಕುಳಿತು ಬನ್ನಿ. ಜಗಳವಾಡುವುದಿದ್ದರೆ ಅಲ್ಲೇ ಆಡಿ.

ತಲೆ ತಗ್ಗಿಸಿ ನಿಮ್ಮಿಂದ ಬೀಳ್ಕೊಳ್ಳುವ,
ಮಾನಪ್ಪ ಕಮ್ಮಾರ
ಏರುಗಾರ