ಕೆಳಗಿನ ಸುರಂಗ ಮುಚ್ಚುವ ಮೊದಲು

ಮಂಗಳವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ನೀನು ಕಾಯುತ್ತಿರುವ ಮಾತನ್ನು ಮೊದಲು ಹೇಳಿಬಿಡುತ್ತೇನೆ: ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ. ಬರೀ ಕಲ್ಲು. ಅಪ್ಪ ಪಂಪು ರಿಪೇರಿಗೆಂದು ಒಬ್ಬರೇ ಇಳಿದ ಆ ಸುರಂಗ ಈ ತುದಿಯಿಂದ ಆ ತುದಿಯವರೆಗೆ ಕುಸಿದುಹೋಗಿದೆ. ಅಕ್ಕ ಓದಿ ಹೇಳುವಾಗ ತನ್ನದೂ ನಾಲ್ಕು ಮಾತು ಸೇರಿಸಿದರೆ ಅದನ್ನು ನನ್ನ ತಲೆಗೆ ಕಟ್ಟಬೇಡ.

ನಮ್ಮ ಪ್ರಯೋಗಾಲಯ ಇರುವುದು ಅದೇ ಹಳೆಯ ಗಣಿಯಲ್ಲಿ ಎಂದು ಗೊತ್ತಾದ ದಿನ ನೀನು ಊಟ ಬಿಟ್ಟು ಕೂತಿದ್ದೆ. ಆಮೇಲೆ ನೀನೇ, ಹೋಗು, ಅಪ್ಪನನ್ನು ಮೇಲಕ್ಕೆ ತಂದುಕೊಡು ಎಂದು ಕಳಿಸಿದೆ. ನ್ಯೂಟ್ರಿನೊ ಎಂಬ ಕಣ ಭೂಮಿಯ ಆಚೆ ಬದಿಯ ಆಕಾಶದಲ್ಲಿ ಹುಟ್ಟಿ, ಇಡೀ ಭೂಮಿಯನ್ನು ತೂರಿಕೊಂಡು ನಮ್ಮ ನೀರಿನ ತೊಟ್ಟಿಗೆ ಬರುತ್ತದೆ, ಎಲ್ಲೋ ಒಂದು ಸಿಕ್ಕಿಬಿದ್ದು ಬೆಳಕು ಚಿಮ್ಮಿಸುತ್ತದೆ, ದಾರಿಯಲ್ಲಿ ಅದು ಹೇಗೆ ಬದಲಾಯಿತೆಂದು ನೋಡಿ ಭೂಮಿಯ ನಡುವೆ ಏನಿದೆ, ಎಷ್ಟು ಒತ್ತಾಗಿದೆ ಎಂದು ಲೆಕ್ಕ ಹಾಕುತ್ತೇವೆ ಎಂದೆಲ್ಲ ವಿವರಿಸಿದರೆ, ಕೈಗೆ ಸಿಗದ್ದಕ್ಕೂ ಸಂಬಳ ಕೊಡುತ್ತಾರಾ ಎಂದು ನೀನು ನಕ್ಕೆ. ನಗು ನಿಲ್ಲಿಸಿ, ಅದರಲ್ಲಿ ಅಪ್ಪ ಕಾಣುತ್ತಾರಾ ಎಂದು ಕೇಳಿದೆ. ಇಲ್ಲಮ್ಮ. ಬೆಟ್ಟವೇ ಅದರ ಲೆಕ್ಕಕ್ಕಿಲ್ಲ, ಇನ್ನು ಮನುಷ್ಯ ಎಲ್ಲಿಯ ಮಾತು! ಅದಕ್ಕೇ ಕಾಡಿ ಬೇಡಿ, ಕಲ್ಲಿನಲ್ಲಿ ತೂತು ಕೊರೆಸಿ ಕ್ಯಾಮೆರಾ ಇಳಿಸಿದ್ದು.

ಆ ಸುರಂಗದಲ್ಲಿ ಜಿನುಗುವ ನೀರು ನಮ್ಮ ತೊಟ್ಟಿಯ ಅಡಿಪಾಯವನ್ನು ತಿನ್ನುತ್ತಿದೆ. ನಾಳೆ ಸಂದಿಗೊಂದಿಗೆಲ್ಲ ಕಾಂಕ್ರೀಟ್ ತುಂಬುತ್ತಾರೆ. ಅಪ್ಪನನ್ನು ತರಲಾಗಲಿಲ್ಲ, ಕ್ಷಮಿಸು.

ಅಂದು, ಸುರಂಗ ಕುಸಿದ ಮೂರನೇ ದಿನ, ಅಗೆಯುವುದನ್ನು ನಿಲ್ಲಿಸೋಣವೇ ಎಂದು ಅಧಿಕಾರಿಗಳು ಕೇಳಿದಾಗ, ಹೋದವರು ಹೋದರು, ಅವರಿಗಾಗಿ ಇನ್ನೊಬ್ಬಳ ಗಂಡ ಸಾಯುವುದು ಬೇಡ ಎಂದು ನೀನು ಒಪ್ಪಿಕೊಂಡೆ. ಅಂದಿನಿಂದ ಇಷ್ಟು ವರ್ಷವೂ, ನಾನು ಮಾಡಿದ್ದು ಸರಿಯಾ ಎಂದು ನಮ್ಮನ್ನು ಕೇಳುತ್ತಲೇ ಇದ್ದೀಯ. ಸರಿಯಮ್ಮ. ಅಪ್ಪ ಆ ಕ್ಷಣದಲ್ಲೇ ಹೋಗಿದ್ದರು. ಇನ್ನು ಕೊರಗಬೇಡ. ಮಾತ್ರೆ ತೆಗೆದುಕೊಂಡು ಕಣ್ತುಂಬ ನಿದ್ದೆ ಮಾಡು.

ನಿನ್ನ
ಚಿಕ್ಕವಳು

ತಾ.ಕ.: ಅಕ್ಕಾ, ಇದನ್ನು ಗಟ್ಟಿಯಾಗಿ ಓದಬೇಡ. ಬೇರೆ ಹಾಳೆಯಲ್ಲಿ ಬರೆದದ್ದು ಅದಕ್ಕೇ. ಓದಿ ಒಲೆಗೆ ಹಾಕು. ಕುಸಿದದ್ದು ಸುರಂಗದ ಬಾಯಿ ಮಾತ್ರ. ಒಳಗೆ ಚಾವಣಿ ಹಾಗೇ ನಿಂತಿದೆ. ಅಪ್ಪ ಗೋಡೆಗೊರಗಿ ಕೂತಿದ್ದಾರೆ. ನೀರು ಜಿನುಗುವಲ್ಲಿ ಹೆಲ್ಮೆಟ್ಟನ್ನು ಬೋಸಿಯಂತೆ ಒಡ್ಡಿಟ್ಟಿದ್ದಾರೆ. ಎದುರಿನ ಕಲ್ಲನ್ನು ಸ್ಪ್ಯಾನರಿನಿಂದ ಕುಟ್ಟಿ ಕುಟ್ಟಿ, ಒಬ್ಬರು ತೆವಳಿ ಹೋಗುವಷ್ಟು ದಾರಿ ತೋಡಿದ್ದಾರೆ, ಹೊರಗಿನವರು ಅಗೆಯುತ್ತಿದ್ದ ಕಡೆಗೇ. ಅಷ್ಟು ತೋಡಲು ವಾರಗಳೇ ಬೇಕು ಎಂದರು ಎಂಜಿನಿಯರ್. ಹೊರಗೆ ತೆಗೆಯುವುದಾದರೆ ಕೆಲಸ ನಿಲ್ಲಿಸುತ್ತೇವೆ, ಮನೆಯವರು ಹೇಳಬೇಕು ಎಂದೂ ಅಂದರು. ತಂದರೆ ಅಮ್ಮನಿಗೆ ತಿಳಿಯದೆ ಇರುತ್ತದೆಯೇ? ಬೇಡ, ತುಂಬಿಬಿಡಿ ಎಂದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಕಾಂಕ್ರೀಟ್ ಗಟ್ಟಿಯಾಗಿರುತ್ತದೆ. ಬೈಯುವುದಿದ್ದರೆ ನನಗೆ ಬರೆ. ಅಮ್ಮನ ಎದುರು ಮಾತ್ರ ಅಳಬೇಡ.