ನೀನು ತಡೆದ ಚೆಂಡು

ಮೈದಾನದ ಬಟ್ಟೆ ಕೋಣೆಯಿಂದ,
ಮೇ ೨೨, ಬುಧವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಎಡಗೈಯ ಆ ಬೆರಳು ಹೇಗಿದೆ? ಮೊದಲರ್ಧದಲ್ಲಿ ಗೋಲಿನ ಕಂಬಕ್ಕೆ ಬಡಿದಾಗ ನೀನು ಕೈ ಝಾಡಿಸಿಕೊಂಡು, ಏನೂ ಆಗಿಲ್ಲ ಎಂಬಂತೆ ಆಕಾಶ ನೋಡುತ್ತ ನಿಂತೆ. ಚಿಕ್ಕಂದಿನಿಂದಲೂ ನೋವಾದಾಗಲೇ ನಿನಗೆ ಆಕಾಶ ನೆನಪಾಗುವುದು. ಊದಿದ್ದರೆ ಎಕ್ಸ್‌ರೇ ತೆಗೆಸಿಬಿಡು, ನಿಮ್ಮ ಕ್ಲಬ್ಬಿನಲ್ಲಿ ಅದಕ್ಕೆಲ್ಲ ಕಷ್ಟವಿಲ್ಲ. ಇಲ್ಲಿ ಅಪ್ಪನ ಸೊಂಟ ಇದ್ದ ಹಾಗೇ ಇದೆ. ಮಾತ್ರೆ ನುಂಗಿದ ದಿನ ನೋವು ಕಡಿಮೆ, ಮರೆತ ದಿನ ಜಾಸ್ತಿ, ಬಾಯಿ ಮಾತ್ರ ಎರಡೂ ದಿನ ಒಂದೇ ಸಮ. ನಿನ್ನ ಭಾವ ಆರಾಮಾಗಿದ್ದಾರೆ. ನಾನೂ ಇದ್ದೇನೆ. ಭಾನುವಾರದಿಂದ ನಿನ್ನ ಫೋನು ಆಫ್ ಆಗಿರುವುದರಿಂದ ಈ ಕಾಗದ. ನಾನು ನಿನಗೆ ಕೊನೆಯ ಸಲ ಕಾಗದ ಬರೆದದ್ದು ನೀನು ಹದಿನಾಲ್ಕು ವರ್ಷದವನಾಗಿ ಹಾಸ್ಟೆಲ್ಲಿನಲ್ಲಿದ್ದಾಗ. ಆಗಲೂ ನೀನು ಉತ್ತರ ಬರೆದವನಲ್ಲ, ಈಗ ಬರೆಯುತ್ತೀಯ ಎಂಬ ಆಸೆಯೂ ನನಗಿಲ್ಲ. ಓದಿದರೆ ಸಾಕು.

ಜನವರಿಯಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ಬಿನವರು ನಿನ್ನನ್ನು ಆ ಕ್ಲಬ್ಬಿಗೆ ಮಾರಿದ ಮೇಲೆ ಇಲ್ಲಿ ಏನೇನಾಯಿತು ಎಂದು ನಾನು ಫೋನಿನಲ್ಲಿ ಪೂರ್ತಿ ಹೇಳಿಯೇ ಇಲ್ಲ. ಹೇಳಿದರೆ ನೀನು ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ, ಆಮೇಲೆ ಸುಮ್ಮಸುಮ್ಮನೆ ಗೋಲು ಬಿಡುತ್ತೀಯ ಎಂದು ಅಪ್ಪ ನನ್ನ ಬಾಯಿ ಕಟ್ಟಿಹಾಕಿದ್ದರು. ನಿನ್ನನ್ನು ಮಾರಿ ಬಂದ ದುಡ್ಡು ಎರಡು ತಿಂಗಳ ಸಂಬಳಕ್ಕಾಯಿತು, ಅಷ್ಟೆ. ಮಾರ್ಚಿನಿಂದ ಯಾರಿಗೂ ಪೂರ್ತಿ ಸಂಬಳವಿಲ್ಲ. ಪೂರ್ವದ ಗ್ಯಾಲರಿಯ ಚಾವಣಿ ಬೀಳುವಂತಿದೆ ಎಂದು ಅಧಿಕಾರಿಗಳು ಬಂದು ಹಗ್ಗ ಕಟ್ಟಿ ಹೋದರು, ಅಲ್ಲಿಗೆ ಟಿಕೆಟ್ಟಿನ ಮಾರಾಟ ಅರ್ಧಕ್ಕೆ ಇಳಿಯಿತು. ಅಂಗಿಯ ಮೇಲೆ ಹೆಸರು ಹಾಕಿಸುವ ಟೈರ್ ಕಂಪನಿಯವರು ಅಂಕಪಟ್ಟಿಯಲ್ಲಿ ನಮ್ಮ ಜಾಗ ನೋಡಿ ತಮ್ಮ ಪಾಲನ್ನೂ ಅರ್ಧ ಮಾಡಿದರು. ಸ್ನಾನದ ಮನೆಯ ಬಿಸಿನೀರು ನಿಂತಿತು. ಬಸ್ಸನ್ನು ಮಾರಿದರು. ಹನ್ನೊಂದು ವರ್ಷ ಅದನ್ನು ಓಡಿಸಿದ ನಿನ್ನ ಭಾವ ಕೀಲಿಕೈಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು ಬಂದರು. ಈಗ ಹಾಲಿನ ವ್ಯಾನು ಓಡಿಸುತ್ತಾರೆ. ಹಾಲಿನ ಪ್ಯಾಕೆಟ್ಟುಗಳು ಸೋತ ದಿನ ಹಿಂದಿನ ಸೀಟಿನಲ್ಲಿ ಕೂತು ಜಗಳವಾಡುವುದಿಲ್ಲ, ಅದೊಂದು ಸುಖ ಎನ್ನುತ್ತಾರೆ. ನನ್ನ ಎರಡು ಬಟ್ಟೆ ಒಗೆಯುವ ಯಂತ್ರಗಳಲ್ಲಿ ದೊಡ್ಡದು ಏಪ್ರಿಲ್‌ನಲ್ಲಿ ಕೈಕೊಟ್ಟಿತು. ರಿಪೇರಿಯವನು ಬಂದ, ನೋಡಿದ, ಹಳೆಯ ಬಾಕಿ ಕೇಳಿದ, ಹೋದ. ಅಲ್ಲಿಂದ ಈಚೆಗೆ ಸಾಕ್ಸುಗಳನ್ನೆಲ್ಲ ಕೈಯಲ್ಲೇ ಒಗೆಯುತ್ತಿದ್ದೇನೆ. ಇಪ್ಪತ್ತೆರಡು ಜನರ ಸಾಕ್ಸು ಎಂದರೆ ಏನು ಎಂದು ನಿನಗೆ ವಿವರಿಸಬೇಕಾಗಿಲ್ಲ, ಅತಿ ಕೆಟ್ಟ ಜೊತೆ ಯಾವಾಗಲೂ ನಿನ್ನದೇ ಆಗಿತ್ತು.

ನಿಮ್ಮ ಹಳೆಯ ನಾಯಕ, ಈಗ ನಮ್ಮ ನಾಯಕ ಎನ್ನಬೇಕೇನೋ, ಬೆಳಿಗ್ಗೆ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೋಗಿ ಮಧ್ಯಾಹ್ನ ಅಭ್ಯಾಸಕ್ಕೆ ಬರುತ್ತಿದ್ದ. ತಲೆಗೂದಲಿನಲ್ಲಿ ದಿನಕ್ಕೊಂದು ಬಣ್ಣ. ಇಷ್ಟೆಲ್ಲದರ ನಡುವೆಯೂ ಹುಡುಗರು ಯಾರೂ ಅಭ್ಯಾಸ ತಪ್ಪಿಸಲಿಲ್ಲ, ಅದನ್ನು ನೀನು ತಿಳಿದಿರಬೇಕು. ಈ ದರ್ಜೆಯಲ್ಲಿ ಉಳಿದರೆ ಟೈರಿನವರು ಇನ್ನೆರಡು ವರ್ಷ ಇರುತ್ತಾರೆ, ಟೀವಿಯವರ ಪಾಲು ಬರುತ್ತದೆ, ಹೇಗೋ ಉಸಿರಾಡಬಹುದು. ಕೆಳಗಿನ ದರ್ಜೆಗೆ ಇಳಿದರೆ ಎರಡೂ ಇಲ್ಲ. ಅಧ್ಯಕ್ಷರು ಆಗಲೇ ತಮ್ಮ ಹಾರ್ಡ್‌ವೇರ್ ಅಂಗಡಿಯನ್ನು ಅಡವಿಟ್ಟಾಗಿತ್ತು. ಉಳಿಯಬೇಕಾದರೆ ಕೊನೆಯ ಪಂದ್ಯ ಗೆಲ್ಲಲೇಬೇಕು ಎಂಬ ಲೆಕ್ಕಕ್ಕೆ ಬಂದು ನಿಂತಾಗ, ಆ ಪಂದ್ಯ ನಿಮ್ಮ ಕ್ಲಬ್ಬಿನ ಮೇಲೆ. ನಿಮಗೋ ಗೆದ್ದರೂ ಸೋತರೂ ಅದೇ ಏಳನೇ ಜಾಗ.

ಈಗ ಹೇಳುವುದನ್ನು ನೀನು ನಿನ್ನಲ್ಲೇ ಇಟ್ಟುಕೊಳ್ಳಬೇಕು. ಪಂದ್ಯಕ್ಕೆ ಮೂರು ದಿನ ಮುಂಚೆ, ಗುರುವಾರ, ಅಧ್ಯಕ್ಷರು ಈ ಕೋಣೆಗೆ ಬಂದರು. ಇಷ್ಟು ವರ್ಷದಲ್ಲಿ ಅವರು ಇಲ್ಲಿಗೆ ಬಂದದ್ದು ಅದೇ ಮೊದಲು. ನಾನು ಕುರ್ಚಿ ಕೊಡುವ ಮೊದಲೇ ಮಡಿಸಿಟ್ಟ ಅಂಗಿಗಳ ಬುಟ್ಟಿಯ ಅಂಚಿಗೆ ಕೂತರು. ನೀರು ಬೇಕಾ ಸರ್ ಎಂದೆ, ಬೇಡ ಎಂದರು. ಯಂತ್ರದ ಬಗ್ಗೆ ಕೇಳಿದರು. ಅಪ್ಪನ ಸೊಂಟದ ಬಗ್ಗೆ ಕೇಳಿದರು. ಆಮೇಲೆ ನೆಲ ನೋಡುತ್ತ, "ನಿನ್ನ ತಮ್ಮನ ಹತ್ರ ಒಂದು ಮಾತಾಡಮ್ಮ. ಒಂದೇ ಒಂದು ಚೆಂಡು. ಕೈ ಜಾರೋದು ಯಾರಿಗಾದ್ರೂ ಆಗತ್ತೆ" ಎಂದರು. ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು: "ನಾನು ಕೇಳಿದ್ರೆ ಅದು ಅಪರಾಧ. ಅಕ್ಕ ಕೇಳಿದ್ರೆ ಮನೆ ಮಾತು. ನಲವತ್ತು ಜನರ ಅನ್ನ ಇದು, ಅದರಲ್ಲಿ ನಿಮ್ಮ ಮನೇದೂ ಇದೆ."

ಅವರನ್ನು ಕೆಟ್ಟವರು ಎಂದುಕೊಳ್ಳಬೇಡ. ಅಮ್ಮ ಹೋದಾಗ ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನಿಂದ ನಿಂತಿದ್ದವರು ಅವರೇ. ಬುಟ್ಟಿಯ ಅಂಚಿನಲ್ಲಿ ಕೂತಿದ್ದಾಗ ಅವರ ಷೂ ಹರಿದಿತ್ತು, ಅಂಗಡಿಯಲ್ಲಿ ಹೊಸ ಷೂ ಹಾಕಿಕೊಂಡು ತಿರುಗುತ್ತಿದ್ದ ಮನುಷ್ಯ. ನಾನು "ನೋಡ್ತೀನಿ ಸರ್" ಎಂದೆ. ಅವರು ಎದ್ದು ಹೋದ ಮೇಲೆ ಅವರ ಭಾರಕ್ಕೆ ಸುಕ್ಕಾದ ಅಂಗಿಗಳನ್ನು ಮತ್ತೆ ಇಸ್ತ್ರಿ ಮಾಡಿದೆ. ನಾನು ನಿನಗೆ ಏನೂ ಹೇಳಲಿಲ್ಲ ಎಂಬುದು ನಿನಗೇ ಗೊತ್ತಿದೆ.

ಭಾನುವಾರದ ಪಂದ್ಯವನ್ನು ನಾನು ಈ ಕಿಟಕಿಯಿಂದ ನೋಡಿದೆ. ಎರಡನೆಯ ಅರ್ಧದಲ್ಲಿ ನೀನು ಈ ಕಡೆಯ ಗೋಲಿಗೆ ಬಂದೆ, ನಿನ್ನ ಬೆನ್ನು ನನಗೆ ಅರವತ್ತು ಹೆಜ್ಜೆ ದೂರದಲ್ಲಿತ್ತು. ಆ ಹಸಿರು ಅಂಗಿ ನಿನಗೆ ಒಪ್ಪುವುದಿಲ್ಲ, ಅದನ್ನು ಒಗೆಯುವವರು ನೀಲಿ ಹಾಕಿ ಹಾಳುಮಾಡಿದ್ದಾರೆ. ಎರಡೂ ಕಡೆ ಒಂದೊಂದು ಗೋಲಾಗಿ ಸಮ ಇದ್ದಾಗ, ಇನ್ನೇನು ಮುಗಿಯಿತು ಎನ್ನುವಾಗ, ನಿಮ್ಮವನ ಕೈಗೆ ಚೆಂಡು ತಗುಲಿ ನಮಗೆ ಪೆನಾಲ್ಟಿ ಸಿಕ್ಕಿತು. ಇಡೀ ಮೈದಾನ ಎದ್ದು ನಿಂತಿತು. ನಾಯಕ ಚೆಂಡನ್ನು ಎರಡು ಸಲ ಇಟ್ಟು ಎರಡು ಸಲ ತೆಗೆದ. ಆರು ವರ್ಷ ಸಂಜೆಸಂಜೆ ನೀವಿಬ್ಬರೇ ಉಳಿದು ಅದನ್ನೇ ಆಡಿದವರು, ಅವನು ಎಡಕ್ಕೇ ಹೊಡೆಯುತ್ತಾನೆಂದು ನಿನಗೆ ಗೊತ್ತು, ನಿನಗೆ ಗೊತ್ತೆಂದು ಅವನಿಗೂ ಗೊತ್ತು. ಅವನು ಬಲಕ್ಕೆ ಹೊಡೆದ. ಬೇರೆ ಯಾವ ಗೋಲ್‌ಕೀಪರ್ ಆದರೂ ಅಷ್ಟು ಹೊತ್ತಿಗೆ ಎಡಕ್ಕೆ ಹಾರಿಬಿಟ್ಟಿರುತ್ತಿದ್ದ. ನೀನು ಗೂಟದ ಹಾಗೆ ನಿಂತೇ ಇದ್ದೆ. ಸುಮ್ಮನೆ ನಿನಗೆ ಗೂಟ ಎಂದು ಹೆಸರಿಟ್ಟಿರಲಿಲ್ಲ ಹುಡುಗರು. ಚೆಂಡು ಅವನ ಕಾಲು ಬಿಟ್ಟ ಮೇಲೆ ಹೊರಟೆ, ಬೆರಳ ತುದಿಯಿಂದ ತಳ್ಳಿದೆ, ಅದು ಕಂಬದ ಪಕ್ಕದಿಂದ ಹೊರಗೆ ಹೋಯಿತು.

ಆ ಕ್ಷಣ ಮೈದಾನದಲ್ಲಿ ಎದ್ದು ಚಪ್ಪಾಳೆ ತಟ್ಟಿದವರು ಒಬ್ಬರೇ, ಅಪ್ಪ. ನಿನ್ನ ಗೋಲಿನ ಹಿಂದಿನ ಬೆಂಚಿನಲ್ಲಿ ಕೂತಿದ್ದವರು ಸೊಂಟದ ನೋವನ್ನೂ ಮರೆತು ನೆಟ್ಟಗೆ ಎದ್ದುಬಿಟ್ಟಿದ್ದರು. ಸುತ್ತ ಯಾರೂ ತಟ್ಟುತ್ತಿಲ್ಲ ಎಂದು ಗೊತ್ತಾದಾಗ ನಾವು ಯಾವ ಕಡೆಯವರು ಎಂಬುದು ಅವರಿಗೆ ನೆನಪಾಗಿರಬೇಕು, ಮೆಲ್ಲಗೆ ಕೂತರು. ಹಿಂದಿನಿಂದ ಯಾರೋ "ದ್ರೋಹಿ" ಎಂದು ಕೂಗಿದರಂತೆ. ನಲವತ್ತು ವರ್ಷ ಆ ಮೈದಾನದ ಹುಲ್ಲು ಕತ್ತರಿಸಿ ಗೆರೆ ಎಳೆದ ಮನುಷ್ಯ ತಿರುಗಿ, "ಗೋಲು ಬಿಡೋದು ಹೇಗೆ ಅಂತ ನಾನು ಅವನಿಗೆ ಕಲಿಸಿಲ್ಲಪ್ಪ, ಅದು ನನ್ನ ತಪ್ಪು" ಎಂದರಂತೆ.

ಪಂದ್ಯ ಸಮದಲ್ಲೇ ಮುಗಿದು ಸೀಟಿ ಊದಿದ ಮೇಲೆ ನೀನು ತಲೆ ತಗ್ಗಿಸಿಕೊಂಡು ಹೋದೆ. ನಾನು ಬಾಗಿಲು ತೆರೆದು ಕಾದೆ. ನಿಮ್ಮ ಬಸ್ಸು ಗೇಟು ದಾಟಿದ್ದು ಕೇಳಿದ ಮೇಲೂ ಸ್ವಲ್ಪ ಹೊತ್ತು ಬಾಗಿಲು ತೆರೆದೇ ಇತ್ತು. ನೀನು ಬರಲಿಲ್ಲ, ನಾಯಕ ಬಂದ. ಅಂಗಿ ಬಿಚ್ಚಿ ಬುಟ್ಟಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಗೋಡೆಗೊರಗಿ ನಿಂತ. ನಾನು ಬುಟ್ಟಿಯನ್ನು ಅವನ ಮುಂದೆ ಸರಿಸುತ್ತಿದ್ದಾಗ ಅವನೇ ಹೇಳಿದ: "ಅವನು ಬಿಟ್ಟಿದ್ರೆ, ಅಕ್ಕ, ಆ ಗೋಲು ನಂದೋ ಅವನದೋ ಅಂತ ಸಾಯೋವರೆಗೂ ನಂಗೆ ಅನುಮಾನ ಇರ್ತಿತ್ತು. ಈಗ ಅದೊಂದು ಇಲ್ಲ." ಆಮೇಲೆ ಅಲ್ಲೇ ಕೂತು ಅತ್ತ. ಮೂವತ್ತಮೂರು ವರ್ಷದವನು. ನಾನು ಒಣಗಿದ ಟವೆಲ್ಲು ಕೊಟ್ಟೆ, ಬೇರೇನು ಕೊಡಲಿ.

ಸೋಮವಾರ ಬೆಳಿಗ್ಗೆ ಟೈರಿನವರ ಆಳುಗಳು ಏಣಿ ತಂದು ತಮ್ಮ ಜಾಹೀರಾತಿನ ಫಲಕಗಳನ್ನು ಇಳಿಸಿಕೊಂಡು ಹೋದರು. ಬಹಳ ಮರ್ಯಾದೆಯ ಜನ, ಮೊಳೆಗಳನ್ನು ಕೂಡ ಆರಿಸಿಕೊಂಡು ಹೋದರು. ಹನ್ನೊಂದಕ್ಕೆ ಅಧ್ಯಕ್ಷರು ಎಲ್ಲರನ್ನೂ ಆಟಗಾರರ ಕೋಣೆಯಲ್ಲಿ ಸೇರಿಸಿದರು. ಕ್ಲಬ್ಬನ್ನು ಮುಚ್ಚುವುದಿಲ್ಲ, ಕೆಳಗಿನ ದರ್ಜೆಯಲ್ಲಿ ಆಡುತ್ತೇವೆ, ಆದರೆ ಹದಿನಾಲ್ಕು ಜನರನ್ನು ಬಿಡಬೇಕು, ಉಳಿದವರಿಗೆ ಅರ್ಧ ಸಂಬಳ ಎಂದರು. ಬಿಡುವವರ ಹೆಸರುಗಳನ್ನು ಒಂದೊಂದಾಗಿ ಓದಿದರು. ನಾಯಕ ಉಳಿಯುತ್ತಾನಂತೆ, ಬಣ್ಣದ ಕೆಲಸ ಹೇಗೂ ಇದೆಯಲ್ಲ ಎಂದ. ನಾನೂ ಅರ್ಧಕ್ಕೆ ಒಪ್ಪಿದೆ, ಸಾಕ್ಸು ಮಾತ್ರ ಪೂರ್ತಿ ಒಗೆಯಬೇಕು. ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತರು. "ನೀನು ಕೇಳ್ಲಿಲ್ಲ ಅಲ್ವಾ?" ಎಂದರು. ಇಲ್ಲ ಸರ್ ಎಂದೆ. "ಒಳ್ಳೇದು ಮಾಡ್ದೆ" ಎಂದು ಹೋದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ತುಂಬ ದಿನ ಜ್ವರ ಬಂದು ಬಿಟ್ಟವರ ಹಾಗಿದ್ದರು.

ನಿಮ್ಮ ರಜೆ ಮುಂದಿನ ವಾರದಿಂದ ಎಂದು ಪೇಪರಿನಲ್ಲಿ ನೋಡಿದೆ. ಅಪ್ಪ ಬಾಯಿಬಿಟ್ಟು ಕರೆಯುವವರಲ್ಲ. ಬಂದವರಿಗೆಲ್ಲ ಆ ಪೆನಾಲ್ಟಿಯನ್ನು ಅಡುಗೆಮನೆಯಲ್ಲಿ ಅಭಿನಯಿಸಿ ತೋರಿಸುತ್ತಿದ್ದಾರೆ, ನಿನ್ನೆ ನಿನ್ನ ಪಾತ್ರ ಮಾಡಲು ಹೋಗಿ ಬೀಳುವುದರಲ್ಲಿದ್ದರು. ಬೀದಿಯಲ್ಲಿ ಒಬ್ಬಿಬ್ಬರು ಮುಖ ತಿರುಗಿಸಬಹುದು, ತಿರುಗಿಸಲಿ, ಕತ್ತು ನೋವಾದಾಗ ಈ ಕಡೆ ನೋಡುತ್ತಾರೆ. ಹೊಟ್ಟೆ ತುಂಬ ಉಣ್ಣು, ಬೆರಳು ನೋಡಿಕೋ. ನಿನ್ನ ಕೈ ಎಂದೂ ಸೋಲದಿರಲಿ. ಭಾವ ನಿನ್ನ ಕ್ಷೇಮ ಕೇಳಿದರೆಂದು ತಿಳಿ.

ನಿನ್ನ
ಅಕ್ಕ

ಮರೆತ ಮಾತು: ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ನಾನು ನಿನಗೆ ಹೇಳಲಿಲ್ಲ ಎಂದು ಮೇಲೆ ಬರೆದದ್ದು ನಿಜ, ಆದರೆ ಅದು ನನ್ನ ದೊಡ್ಡತನ ಅಲ್ಲ. ಶನಿವಾರ ಮಧ್ಯಾಹ್ನ ನಾನು ಮೂರು ಸಲ ಫೋನ್ ಮಾಡಿದ್ದೆನಲ್ಲ, ಒಳ್ಳೆಯದಾಗಲಿ ಎಂದು ಹೇಳಲು ಎಂದು ಆಮೇಲೆ ನಿನಗೆ ಮೆಸೇಜು ಕಳಿಸಿದೆನಲ್ಲ, ಅದು ಸುಳ್ಳು. ಕೇಳಬೇಕೆಂದೇ ಮಾಡಿದ್ದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡೂ ಇದ್ದೆ. ಪಂದ್ಯದ ಹಿಂದಿನ ದಿನ ನಿಮ್ಮ ಫೋನುಗಳನ್ನು ಕೋಚ್ ಇಸಿದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ನೀನು ಎತ್ತಿದ್ದರೆ ಕೇಳಿಯೇ ಬಿಡುತ್ತಿದ್ದೆ, ಮಗು. ಅದಕ್ಕೇ, ಒಳ್ಳೇದು ಮಾಡ್ದೆ ಎಂದ ಅಧ್ಯಕ್ಷರ ಮುಖ ನೋಡುವುದು ನನಗೆ ಕಷ್ಟವಾಗುತ್ತಿದೆ. ನಾಚಿಕೆಯಿಂದ ಮನೆಗೆ ಬಾರದೆ ಇರಬೇಕಾದವಳು ನಾನು, ನೀನಲ್ಲ. ಬಾ. ಬಂದು ಬೇಕಾದರೆ ಬೈದುಬಿಡು.